ಎರಡನೆಯ ಗೋಲಿ

ವೈದ್ಯರು ನನಗೆ ಸಕ್ಕರೆಯನ್ನು ನಿಷೇಧಿಸಿ ಹದಿನೈದು ವರ್ಷವಾಯಿತು. ಸಾಕರನ್ನು ಇನ್ನೂ ನಿಷೇಧಿಸಿಲ್ಲ. ಅಮೆರಿಕದವರು ನಮ್ಮ ಕಾಲ್ಚೆಂಡಾಟವನ್ನು ಸಾಕರ್ ಎಂದು ಕರೆಯುತ್ತಾರೆ. ಫುಟ್‌ಬಾಲ್ ಎಂಬ ಹೆಸರನ್ನು, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಬೇರೊಂದು ಆಟಕ್ಕೆ ದಾನ ಮಾಡಿಬಿಟ್ಟಿದ್ದಾರೆ. ಹೆಸರು ಏನಾದರೂ ಇರಲಿ, 2025ರ ಆಗಸ್ಟ್ ತಿಂಗಳಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನಾನು ಒಂದು ಸಾಕರ್ ತಂಡದ ಜೊತೆಯಲ್ಲಿ ಇಂಗ್ಲೆಂಡಿಗೆ ಹೋಗಿಬಂದೆ. ಅದೂ ಹುಡುಗಿಯರ ತಂಡ. ಊರಿಗೆ ಮರಳಿದ ಮೇಲೆ ಬೆಳಗಿನ ವಾಯುಸಂಚಾರದ ಮಿತ್ರರಿಗೆ ಇದನ್ನು ಹೇಳಿದಾಗ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ನಡೆದದ್ದು ಇಷ್ಟು. ನನ್ನ ಮೊಮ್ಮಗಳು ಪುಟ್ಟಿ ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕಾಲೇಜಿನ ದಾಖಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಐದು ಅಡಿ ಹತ್ತು ಅಂಗುಲ ಬೆಳೆದ ಮೇಲೂ ಮನೆಯಲ್ಲಿ ಅವಳು ಪುಟ್ಟಿಯೇ. ಅವಳು ಕಾಲೇಜು ತಂಡದ ಗೋಲ್‌ಕೀಪರ್. ಅಲ್ಲಿನ ಹುಡುಗಿಯರು ಅದನ್ನು ಮೊಟಕು ಮಾಡಿ 'ಗೋಲಿ' ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನಮ್ಮ ಅಗ್ರಹಾರದ ಬೀದಿಯ ಮಣ್ಣಿನಲ್ಲಿ ಗುಳಿ ತೋಡಿ ಆಡುತ್ತಿದ್ದ ಗಾಜಿನ ಗೋಲಿಗಳು ನೆನಪಾದವು. ಆ ಕಾಲೇಜು ಆಟದ ಲೆಕ್ಕದಲ್ಲಿ ಮೂರನೆಯ ವಿಭಾಗಕ್ಕೆ ಸೇರಿದ್ದು. ಈ ವಿಭಾಗದ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡುವವರು ಆಟದ ಹುಚ್ಚಿಗೆ ಆಡಬೇಕು, ಓದಿನ ಖರ್ಚನ್ನು ಅಪ್ಪ ಅಮ್ಮ ನೋಡಿಕೊಳ್ಳಬೇಕು.

ಇಂಥ ಕಾಲೇಜು ತಂಡಗಳು ಕೆಲವು ವರ್ಷಗಳಿಗೊಮ್ಮೆ ಪರದೇಶಕ್ಕೆ ಹೋಗಿ ಆಡಿಬರುವುದುಂಟು. ಪ್ರತಿವರ್ಷವೂ ಹೋಗುವಂತಿಲ್ಲ; ಅದಕ್ಕೆ ನಿಯಮವಿದೆ. ಅವರ ಪಂದ್ಯಗಳ ಋತು ಆಗಸ್ಟ್ ಕೊನೆಯಲ್ಲಿ ಮೊದಲಾಗಿ ಚಳಿ ಬೀಳುವವರೆಗೆ ನಡೆಯುತ್ತದೆ. ಅದಕ್ಕೆ ಮುಂಚೆ ಎಂಟು ಹತ್ತು ದಿನ ಹೊರದೇಶದಲ್ಲಿ ನಾಲ್ಕು ಸ್ನೇಹಪಂದ್ಯ ಆಡಿದರೆ ಹೊಸಬರೂ ಹಳಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಲಿಯುತ್ತಾರೆ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕೋಚ್‌ಗೆ ಗೊತ್ತಾಗುತ್ತದೆ. ಇದು ಒಂದು ಬಗೆಯ ಹೆಣ್ಣು ನೋಡುವ ಶಾಸ್ತ್ರ ಎನ್ನಿ. ಮೇಲೆ ಉಪ್ಪಿಟ್ಟು ಕೇಸರಿಭಾತು, ಒಳಗೆ ಪರೀಕ್ಷೆ. ಹುಡುಗಿಯರು ವರ್ಷವೆಲ್ಲ ಕಾರು ತೊಳೆದು, ಬಿಸ್ಕತ್ತು ಮಾರಿ ಹಣ ಕೂಡಿಸಿದ್ದರು. ಸಾಲದ್ದನ್ನು ಮನೆಯವರು ಹಾಕಿದರು. ಬೇಕಾದ ಮನೆಯವರು ತಂಡದ ಜೊತೆ ಹೋಗಬಹುದಾಗಿತ್ತು. ಅಳಿಯಂದಿರಿಗೆ ರಜೆ ದೊರೆಯಲಿಲ್ಲ. ಆರು ತಿಂಗಳ ವಾಸಕ್ಕೆಂದು ಅವರ ಮನೆಗೆ ಬಂದಿದ್ದ ನಾನು ಅವರ ಜಾಗಕ್ಕೆ ಬದಲಿ ಆಟಗಾರನಾದೆ.

ಬದಲಿ ಆಟಗಾರ ಎಂದೆ. ಈ ಲೇಖನದ ಮುಳ್ಳು ಇರುವುದು ಆ ಮಾತಿನಲ್ಲಿಯೇ. ಹನ್ನೊಂದು ಸ್ಥಾನಗಳಲ್ಲಿ ಹತ್ತರಲ್ಲಿ ಒಬ್ಬರು ದಣಿದರೆ ಇನ್ನೊಬ್ಬರು ನುಗ್ಗಬಹುದು. ಗೋಲಿನ ಬಾಯಲ್ಲಿ ಮಾತ್ರ ಒಬ್ಬರೇ. ಎರಡನೆಯ ಗೋಲಿ ಮೊದಲನೆಯವಳಷ್ಟೇ ಬೆವರು ಸುರಿಸಬೇಕು, ಅಷ್ಟೇ ಸಲ ನೆಲಕ್ಕೆ ಬಿದ್ದು ಏಳಬೇಕು. ಪಂದ್ಯದ ದಿನ ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟಬೇಕು. ಮೊದಲ ವರ್ಷವಿಡೀ ಪುಟ್ಟಿ ಚಪ್ಪಾಳೆ ತಟ್ಟಿದ್ದಳು. ಇಂಗ್ಲೆಂಡಿನ ನಾಲ್ಕು ಪಂದ್ಯಗಳಲ್ಲಿ ಹಳೆಯ ಗೋಲಿಯೋ ಇವಳೋ ಎಂಬುದು ತೀರ್ಮಾನವಾಗಬೇಕಾಗಿತ್ತು. ಮಗಳು ಇದನ್ನು ನನಗೆ ವಿಮಾನದಲ್ಲಿ ಗುಟ್ಟಾಗಿ ಹೇಳಿದಳು. "ಅಪ್ಪ, ಅವಳ ಮುಂದೆ ಏನೂ ಕೇಳಬೇಡ. ನೀನು ನಿನ್ನ ಕಲ್ಕತ್ತೆಯ ಕಥೆ ಹೇಳು, ಸಾಕು. ಅವಳಿಗೆ ಧೈರ್ಯ ಬರುತ್ತೆ" ಎಂದಳು.

ಕಲ್ಕತ್ತೆಯ ಕಥೆಯನ್ನು ಇಲ್ಲಿ ವಿವರಿಸಬೇಕು. 1966ರ ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಒಂದು ಪಂದ್ಯಾವಳಿಗಾಗಿ ಕಲ್ಕತ್ತೆಗೆ ಹೋಯಿತು. ನಮಗೆ ಅದೇ ಪರದೇಶ. ಮೈಸೂರಿನಿಂದ ಬೆಂಗಳೂರಿಗೆ ಮೀಟರ್ ಗೇಜ್ ರೈಲು, ಅಲ್ಲಿಂದ ಮದರಾಸು, ಅಲ್ಲಿಂದ ಹೌರಾ ಮೇಲ್. ಬುತ್ತಿಯಲ್ಲಿ ಪುಳಿಯೋಗರೆ, ಕೋಡುಬಳೆ, ಆಲೂಗೆಡ್ಡೆ ಪಲ್ಯ. ಗೋದಾವರಿ ದಾಟುವಾಗ ಎಲ್ಲರೂ ಕಿಟಕಿಗೆ ನುಗ್ಗಿ ಕಾಸು ಎಸೆದೆವು. ಇವೆಲ್ಲ ನಿಜ. ಮುಂದಿನ ಭಾಗ ಹೀಗೆ: ಮೊದಲ ಪಂದ್ಯದಲ್ಲಿ ನಾವು ಒಂದು ಗೋಲಿನಿಂದ ಮುಂದಿದ್ದೆವು. ಕೊನೆಯ ಗಳಿಗೆಯಲ್ಲಿ ಎದುರಾಳಿ ಹೊಡೆದ ಚೆಂಡು ನೆಲಕ್ಕೆ ಅಂಟಿಕೊಂಡು ಎಡಗಂಬದ ಕಡೆಗೆ ಬಂತು. ಗೋಲ್‌ಕೀಪರ್ ಹಾವಿನಂತೆ ನೆಲದ ಮೇಲೆ ಚಾಚಿ ಬೆರಳ ತುದಿಯಿಂದ ಅದನ್ನು ಹೊರಗೆ ದಬ್ಬಿದ. ಆ ಗೋಲ್‌ಕೀಪರ್ ನಾನು.

ಪುಟ್ಟಿಗೆ ಏಳು ವರ್ಷವಾಗಿದ್ದಾಗ ಈ ಕಥೆಯನ್ನು ಮೊದಲು ಹೇಳಿದೆ. ಅವಳ ಶಾಲೆಯ ತಂಡದಲ್ಲಿ ಗೋಲು ಕಾಯಲು ಯಾರೂ ಒಪ್ಪದೆ ಇವಳನ್ನು ನಿಲ್ಲಿಸಿದ್ದರು. ಆರು ಗೋಲು ಬಿಟ್ಟು ಅಳುತ್ತ ಮನೆಗೆ ಬಂದಿದ್ದಳು. ಮರುವರ್ಷ ಮೈಸೂರಿಗೆ ಬಂದಾಗ "ತಾತ, ಕಲ್ಕತ್ತಾ ಸ್ಟೋರಿ" ಎಂದಳು. ಹೇಳಿದೆ. ಬಂದಾಗಲೆಲ್ಲ ಹೇಳಿದೆ. ನನ್ನಾಕೆ ಬದುಕಿದ್ದಷ್ಟು ದಿನ, ನಾನು ಹೌರಾ ಮೇಲ್ ಹತ್ತಿದ ಕೂಡಲೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಎದ್ದು ಒಳಗೆ ಹೋಗುತ್ತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ನಾನು ಆ ತಂಡದ ಎರಡನೆಯ ಗೋಲ್‌ಕೀಪರ್. ಕಲ್ಕತ್ತೆಯಲ್ಲಿ ನಾನು ಒಂದು ನಿಮಿಷವೂ ಮೈದಾನಕ್ಕೆ ಇಳಿಯಲಿಲ್ಲ.

ನಾವು ಮೊದಲು ಇಳಿದದ್ದು ಮ್ಯಾಂಚೆಸ್ಟರಿನಲ್ಲಿ. ಹದಿನೈದು ದಿನಗಳ ಹಿಂದೆಯಷ್ಟೆ, ಜುಲೈ 27ರಂದು, ಇಂಗ್ಲೆಂಡಿನ ಹೆಂಗಸರು ಬಾಸೆಲ್‌ನಲ್ಲಿ ಸ್ಪೇನನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಎರಡನೆಯ ಸಲ ಯುರೋಪಿನ ಪಟ್ಟ ಗೆದ್ದಿದ್ದರು. ಅವರ ಗೋಲಿಯ ಕೈಗಳೇ ಆ ದಿನ ಅವರನ್ನು ಉಳಿಸಿದ್ದು. ಪುಟ್ಟಿಗೆ ಇದು ಶುಭಶಕುನವಾಗಿ ಕಂಡಿತು. ಮಾರನೆಯ ದಿನ ಎಲ್ಲರನ್ನೂ ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿ ಲಿಲಿ ಪಾರ್ ಎಂಬಾಕೆಯ ಪ್ರತಿಮೆಯಿದೆ, 2019ರಲ್ಲಿ ಅನಾವರಣವಾದದ್ದು. ಆಕೆಯ ಕಥೆಯನ್ನು ಓದುತ್ತ ನಾನು ಎಷ್ಟು ಹೊತ್ತು ನಿಂತೆನೋ, ಮಗಳು ಬಂದು ಕೈಹಿಡಿದು ಎಳೆಯಬೇಕಾಯಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ನಿನ ಡಿಕ್ ಕೆರ್ ಕಾರ್ಖಾನೆಯಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದರು. 1917ರ ಕ್ರಿಸ್ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥವಾಗಿ ಒಂದು ಪಂದ್ಯ ಆಡಿದರು. ಹತ್ತು ಸಾವಿರ ಜನ ಸೇರಿದರು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಇವರ ಆಟ ನೋಡಲು ಬಂದವರು 53,000 ಮಂದಿ. ಇಷ್ಟು ಜನ ಬಂದದ್ದೇ ತಪ್ಪಾಯಿತೆಂದು ತೋರುತ್ತದೆ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಒಗ್ಗುವುದಲ್ಲ ಎಂದು ನಿರ್ಣಯ ಮಾಡಿ, ತನಗೆ ಸೇರಿದ ಯಾವ ಕ್ಲಬ್ಬೂ ಅವರಿಗೆ ಮೈದಾನ ಕೊಡಬಾರದೆಂದಿತು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಮನೆಯಲ್ಲಿ ಬಾಗಿಲು ಮುಚ್ಚಿದ ಮೇಲೆ ಆ ಹುಡುಗಿಯರು ಏನು ಮಾಡಿದರು? 1922ರಲ್ಲಿ ಹಡಗು ಹತ್ತಿ ಪರದೇಶ ಪ್ರವಾಸ ಹೊರಟರು. ಕೆನಡಾದವರು ಆಡಗೊಡಲಿಲ್ಲ. ಅಮೆರಿಕಕ್ಕೆ ಬಂದರೆ ಅಲ್ಲಿ ಎದುರು ನಿಂತವು ಗಂಡಸರ ತಂಡಗಳು! ಹಿಂಜರಿಯದೆ ಆಡಿದರು, ಕೆಲವು ಪಂದ್ಯಗಳನ್ನು ಗೆದ್ದರು ಕೂಡ. ಆಗ ಲಿಲಿ ಪಾರ್‌ಗೆ ಹದಿನೇಳು ವರ್ಷ. ಹುಡುಗಿಯರಿಗೆ ಆಡಲು ಅವಕಾಶ ಹುಡುಕಿಕೊಂಡು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಅಂದು ಹೋದ ದಾರಿಯಲ್ಲಿ, ನೂರಮೂರು ವರ್ಷಗಳ ಅನಂತರ, ಅಮೆರಿಕದ ಹುಡುಗಿಯರು ವಾಪಸು ಬಂದಿದ್ದರು. ಅಮೆರಿಕದಲ್ಲಿಯೂ ಅದು ತಾನಾಗಿ ಆದದ್ದಲ್ಲ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 1972ರಲ್ಲಿ ಕಾನೂನು ಬಂದ ಮೇಲೆಯೇ ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಬಲಿತದ್ದು.

ಮೊದಲೆರಡು ಪಂದ್ಯಗಳನ್ನು ಹಳೆಯ ಗೋಲಿಯೇ ಆಡಿದಳು. ಚೆನ್ನಾಗಿಯೇ ಆಡಿದಳು, ಅದೇ ತೊಂದರೆ. ಪುಟ್ಟಿ ಬೆಂಚಿನ ಮೇಲೆ ಕೈಗವಸು ತೊಟ್ಟುಕೊಂಡೇ ಕುಳಿತಿದ್ದಳು. ಮೂರನೆಯ ಪಂದ್ಯ ಲಂಡನ್ನಿನಲ್ಲಿ. ಹಾಫ್ ಟೈಮ್ ಆದ ಮೇಲೆ ಅವಳನ್ನು ಇಳಿಸಿದರು. ನಮ್ಮ ಕಡೆ ಒಂದು ಗೋಲು ಮುಂದಿತ್ತು. ಮಗಳು ನನ್ನ ಮಣಿಕಟ್ಟನ್ನು ಹಿಡಿದವಳು ಬಿಡಲೇ ಇಲ್ಲ. ಪುಟ್ಟಿ ಎರಡು ಒಳ್ಳೆಯ ಚೆಂಡುಗಳನ್ನು ಹಿಡಿದಳು. ಒಂದನ್ನು ಗುದ್ದಿ ಹೊರಗೆ ಕಳಿಸಿದಳು. ನಾನು ಮನಸ್ಸಿನಲ್ಲಿಯೇ ಚಾಮುಂಡಿಗೆ ಹಣ್ಣುಕಾಯಿ ಹೇಳಿಕೊಂಡೆ.

ಇಲ್ಲಿ ಓದುಗರಿಗೆ ಒಂದು ಸೂಕ್ಷ್ಮ ಹೇಳಬೇಕು. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಗಡಿಯಾರ ಹಲಗೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಮತ್ತು ಅದು ಹಿಂದಕ್ಕೆ ಎಣಿಸುತ್ತದೆ. ಯಾರಿಗಾದರೂ ಪೆಟ್ಟಾಗಿ ರೆಫರಿ ಕೈಸನ್ನೆ ಮಾಡಿದರೆ ಗಡಿಯಾರವೇ ನಿಲ್ಲುತ್ತದೆ. ಆದ್ದರಿಂದ ಸೊನ್ನೆ ಎಂದರೆ ಸೊನ್ನೆ. ಕಹಳೆ ಕೂಗುತ್ತದೆ, ಆಟ ಮುಗಿಯುತ್ತದೆ. ಕೊನೆಯ ಹತ್ತು ಸೆಕೆಂಡುಗಳನ್ನು ಹುಡುಗಿಯರು ಒಟ್ಟಾಗಿ ಕೂಗಿ ಎಣಿಸುವುದೂ ಉಂಟು. ಜಗತ್ತಿನ ಉಳಿದ ಕಡೆ ಹಾಗಲ್ಲ. ಕಾಲ ಇರುವುದು ರೆಫರಿಯ ಮಣಿಕಟ್ಟಿನಲ್ಲಿ. ತೊಂಬತ್ತು ನಿಮಿಷ ಮುಗಿದ ಮೇಲೂ, ಪೆಟ್ಟು ಗಿಟ್ಟು ಎಂದು ನಷ್ಟವಾದ ಕಾಲವನ್ನು ಅವರು ಕೂಡಿಸುತ್ತಾರೆ. ಅವರು ಸಿಳ್ಳು ಹಾಕುವ ತನಕ ಆಟ ಮುಗಿದಿಲ್ಲ.

ಬೆಂಚಿನ ಮೇಲಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಕಾಲ ನೋಡುತ್ತಿದ್ದಳು. ಅಭ್ಯಾಸಬಲ! "ಹತ್ತು, ಒಂಬತ್ತು, ಎಂಟು" ಎಂದು ಎಣಿಕೆ ಆರಂಭವಾಯಿತು, ಉಳಿದವರು ದನಿಗೂಡಿಸಿದರು. ಸೊನ್ನೆಯಾಯಿತು. ಪುಟ್ಟಿ ಎರಡು ಕೈಗಳನ್ನೂ ಮೇಲೆತ್ತಿದಳು. ಆಮೇಲೆ ಬಲಗೈಯ ಕೈಗವಸಿನ ಪಟ್ಟಿಯನ್ನು ಬಿಚ್ಚಿದಳು. ಆ ಹೊತ್ತಿಗೆ ಎದುರಾಳಿಗಳು ಕಾರ್ನರಿನಿಂದ ಚೆಂಡನ್ನು ಒದ್ದಾಗಿತ್ತು. ಯಾರದೋ ತಲೆ ತಗುಲಿತು. ಪುಟ್ಟಿ ಹಾರಿದಳು, ಆದರೆ ಅರ್ಧ ಬಿಚ್ಚಿದ ಕೈಗವಸಿಗೆ ತಾಗಿ ಚೆಂಡು ಒಳಗೇ ಬಿತ್ತು. ಒಂದಕ್ಕೊಂದು. ಸಿಳ್ಳು ಬಂದದ್ದು ಆಮೇಲೆ.

ಕೋಚ್ ಒಳ್ಳೆಯ ಹೆಂಗಸು. ಬಯ್ಯಲಿಲ್ಲ. ಮರುದಿನ ಬೆಳಗಿನ ಉಪಾಹಾರದ ಹೊತ್ತಿಗೆ ಪುಟ್ಟಿಯನ್ನು ಬೇರೆ ಕರೆದು, ಈ ಋತುವಿನಲ್ಲಿಯೂ ಹಳೆಯ ಗೋಲಿಯೇ ಮೊದಲನೆಯವಳೆಂದು ತಿಳಿಸಿದರು. ಅಂದು ಬಿಡುವಿನ ದಿನ. ಹುಡುಗಿಯರೆಲ್ಲ ಅಂಗಡಿಬೀದಿಗೆ ಹೊರಟರು. ಮಗಳೂ ಅವರೊಡನೆ ಹೋದಳು. ಪುಟ್ಟಿ ಹೋಗಲಿಲ್ಲ. "ತಾತ, ನೀನೆಲ್ಲಿಗೆ ಹೋಗ್ತೀಯ?" ಎಂದಳು. "ಇಲ್ಫರ್ಡಿಗೆ" ಎಂದೆ. "ಅಲ್ಲೇನಿದೆ?" "ಏನೂ ಇಲ್ಲ. ನಮ್ಮ ಬೆಂಗಳೂರಿನವರೊಬ್ಬರು ಅಲ್ಲಿ ಒಂದು ಗೋಲು ಹೊಡೆದಿದ್ದರು" ಎಂದೆ. ಬಂದಳು.

ಲಂಡನ್ನಿನ ಪೂರ್ವಕ್ಕೆ ರೈಲಿನಲ್ಲಿ ಹೋದರೆ ಇಲ್ಫರ್ಡ್. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ವ್ಯಾಲೆಂಟೈನ್ಸ್ ಪಾರ್ಕ್ ಎಂಬ ದೊಡ್ಡ ಉದ್ಯಾನ. ಕೆರೆಯ ಬದಿಯ ಬೆಂಚಿನ ಮೇಲೆ ಕುಳಿತು ಅವಳಿಗೆ ಹೇಳಿದೆ. 1948ರ ಜುಲೈ 31. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್. ನಮ್ಮ ಫುಟ್‌ಬಾಲ್ ತಂಡ ಇದೇ ಊರಿನಲ್ಲಿ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಅದಕ್ಕೆ ಹಿಂದೆ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರಿನ ಆಟಗಾರರು ಆ ತಂಡದಲ್ಲಿ ಹಲವರಿದ್ದರು. ಬೆಂಗಳೂರಿನ ಅಹಮದ್ ಖಾನ್ ಇದ್ದರು. ಫ್ರಾನ್ಸ್ ಒಂದು ಗೋಲು ಹೊಡೆದಾಗ, ಎಪ್ಪತ್ತನೆಯ ನಿಮಿಷದಲ್ಲಿ ಅದನ್ನು ಸರಿಗಟ್ಟಿದವರು ನಮ್ಮ ಸಾರಂಗಪಾಣಿ ರಾಮನ್. ನಮಗೆ ಎರಡು ಪೆನಾಲ್ಟಿ ದೊರೆತವು, ಎರಡೂ ವ್ಯರ್ಥವಾದವು. ಇನ್ನೇನು ಒಂದು ನಿಮಿಷ ಉಳಿದಿದೆ ಎನ್ನುವಾಗ ಫ್ರಾನ್ಸಿನವರು ಎರಡನೆಯ ಗೋಲು ಹೊಡೆದರು. ನಾವು ಮನೆಗೆ ಬಂದೆವು.

"ಕೊನೇ ನಿಮಿಷದಲ್ಲಾ?" ಎಂದಳು ಪುಟ್ಟಿ. "ಕೊನೆಯ ನಿಮಿಷದಲ್ಲಿ" ಎಂದೆ. ಸಮಾಧಾನ ಮಾಡುವ ನನ್ನ ಉಪಾಯ ಫಲಿಸಿತೆಂದುಕೊಂಡೆ. ಅವಳು ಬಾತುಗಳನ್ನು ನೋಡುತ್ತ ಕುಳಿತಿದ್ದು, "ಆದರೆ ಕಲ್ಕತ್ತಾದಲ್ಲಿ ನೀನು ಬಿಡಲಿಲ್ಲ ಅಲ್ವಾ ತಾತ? ಅದೇ ಕೊನೇ ನಿಮಿಷ. ನಾನು ನಿನ್ನ ಹಾಗಲ್ಲ" ಎಂದಳು.

ಹನ್ನೆರಡು ವರ್ಷ ಹಾಲೆರೆದು ಸಾಕಿದ ಸುಳ್ಳು ಹೀಗೆ ತಿರುಗಿ ಕಚ್ಚುತ್ತದೆಂದು ನಾನು ಎಣಿಸಿರಲಿಲ್ಲ. ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಪುಟ್ಟಿ, ನಾನು ಬಿಡಲಿಲ್ಲ, ಹಿಡಿಯಲೂ ಇಲ್ಲ. ನಾನು ಆಡಲೇ ಇಲ್ಲ" ಎಂದೆ. ಆ ಕಾಲದಲ್ಲಿ ಬದಲಿ ಆಟಗಾರನಿಗೆ ಅವಕಾಶವೇ ಅಪರೂಪ. ವಿಶ್ವಕಪ್ಪಿನಲ್ಲಿಯೇ ಬದಲಿಯವರನ್ನು ಇಳಿಸುವ ಪದ್ಧತಿ ಬಂದದ್ದು 1970ರಲ್ಲಿ. ಮೊದಲ ಗೋಲಿ ನಡೆದಾಡುವಷ್ಟು ದಿನ ಎರಡನೆಯವನಿಗೆ ಕೆಲಸವಿಲ್ಲ. ಇದನ್ನೆಲ್ಲ ವಿವರಿಸಲು ಹೊರಟೆ. ಅವಳು ಕೇಳಲಿಲ್ಲ.

"ನಾನು ಗೋಲಿ ಆಗಿದ್ದೇ ನಿನ್ನ ಆ ಸ್ಟೋರಿಯಿಂದ" ಎಂದಳು. ಕೂಗಿ ಹೇಳಲಿಲ್ಲ; ಮೆಲ್ಲಗೆ ಹೇಳಿದಳು. ಎದ್ದು ಕೆರೆಯ ಏರಿಯ ಮೇಲೆ ನಡೆದುಹೋದಳು. ನಾನು ಕುಳಿತಲ್ಲಿಯೇ ಕುಳಿತೆ. ಯಾರದೋ ಮಕ್ಕಳು ಹುಲ್ಲಿನ ಮೇಲೆ ಚೆಂಡು ಒದೆಯುತ್ತಿದ್ದರು. ಅವರಲ್ಲಿ ತೀರ ಚಿಕ್ಕವನನ್ನು ಎರಡು ಚೀಲಗಳ ನಡುವೆ ಗೋಲಿಗೆ ನಿಲ್ಲಿಸಿದ್ದರು. ಎಲ್ಲ ದೇಶದಲ್ಲಿಯೂ ಇದೇ ಪದ್ಧತಿ.

ಅವಳು ಮರಳಿ ಬಂದಾಗ ಎಷ್ಟು ಹೊತ್ತಾಗಿತ್ತೋ ತಿಳಿಯದು. ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಕೇಳಿದಳು. "ಹಾಗಾದ್ರೆ ಆ ಎಂಟು ದಿನ ನೀನು ಏನು ಮಾಡ್ತಿದ್ದೆ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸುಳ್ಳಿನ ಕೆಳಗೆ ನಾನೇ ಅದನ್ನು ಹೂತುಬಿಟ್ಟಿದ್ದೆ. ನೆನಪು ಮಾಡಿಕೊಂಡು ಹೇಳಿದೆ. ಬೆಳಗಿನ ಜಾವ ಎದ್ದು ಅಡುಗೆಯವರಿಂದ ಬಿಸಿನೀರು ಬೇಡಿ ತರುತ್ತಿದ್ದೆ. ನಿಂಬೆಹಣ್ಣು ಹೆಚ್ಚುತ್ತಿದ್ದೆ. ಉಳುಕಿದ ಕಾಲುಗಳಿಗೆ ಪಟ್ಟಿ ಕಟ್ಟುತ್ತಿದ್ದೆ. ನಮ್ಮ ಮೊದಲ ಗೋಲಿ ಮಂಡ್ಯದ ಕಡೆಯ ಹುಡುಗ. ಎತ್ತರದ ಚೆಂಡಿಗೆ ಗರುಡ, ಎಡಗಡೆಯ ನೆಲಮಟ್ಟದ ಚೆಂಡಿಗೆ ಮಾತ್ರ ಕಂಬ. ಮಂಜು ಕವಿದ ಮೈದಾನದಲ್ಲಿ ಬೇರೆ ಯಾರೂ ಏಳುವ ಮೊದಲು ನಾನು ಅವನ ಎಡಕ್ಕೆ ಚೆಂಡು ಹೊಡೆಯುತ್ತಿದ್ದೆ. ದಿನಕ್ಕೆ ಐವತ್ತು, ಅರವತ್ತು ಸಲ. ಅವನು ಬಯ್ಯುತ್ತಿದ್ದ, ನಾನು ಹೊಡೆಯುತ್ತಿದ್ದೆ. ಪಂದ್ಯದ ಕೊನೆಯಲ್ಲಿ ಚೆಂಡು ಅಲ್ಲಿಗೇ ಬಂತು. ಅವನು ಬಿದ್ದ, ಹಿಡಿದ. ಎದ್ದವನು ಮೊದಲು ನೋಡಿದ್ದು ಬೆಂಚಿನ ಕಡೆಗೆ.

"ನಿನ್ನನ್ನಾ?"

"ನನ್ನನ್ನು."

ಪುಟ್ಟಿ ಕುಳಿತಳು. "ಅದನ್ನ್ಯಾಕೆ ಹೇಳಲಿಲ್ಲ? ಇದೇ ಚೆನ್ನಾಗಿತ್ತಲ್ಲ" ಎಂದಳು. ಕ್ಷಮಿಸಿದಳೆಂದು ಹೇಳಲಾರೆ. ರೈಲಿನಲ್ಲಿ ಅವಳು ಹೆಚ್ಚು ಮಾತನಾಡಲಿಲ್ಲ. ಮಧ್ಯೆ ಒಮ್ಮೆ ಮಾತ್ರ, "ಆ ಚಳಿಯಲ್ಲಿ ಬೂಟೂ ಇರಲಿಲ್ವಾ?" ಎಂದು ಕೇಳಿದಳು. ಬೂಟು ಇತ್ತು, ಕಾಲಿಗೆ ದೊಡ್ಡದಾಗಿತ್ತು, ಕಾಗದ ತುರುಕಿಕೊಂಡಿದ್ದೆ ಎಂದೆ. ಇನ್ನು ಮೇಲೆ ಉತ್ಪ್ರೇಕ್ಷೆ ಬೇಡವೆಂದು ನಿಶ್ಚಯಿಸಿದ್ದೆನಷ್ಟೆ.

ನಾಲ್ಕನೆಯ ಪಂದ್ಯದ ದಿನ ನಾನು ಉಳಿದವರಿಗಿಂತ ಮುಂಚೆ, ತಂಡದ ಬಸ್ಸಿನಲ್ಲಿಯೇ ಮೈದಾನಕ್ಕೆ ಹೋದೆ. ಬೇಲಿಯ ಬಳಿ ನಿಂತೆ. ಪುಟ್ಟಿ ಹಳೆಯ ಗೋಲಿಯ ಎದುರು ನಿಂತು ಚೆಂಡು ಹೊಡೆಯುತ್ತಿದ್ದಳು. ಒಂದು ಬಲಕ್ಕೆ, ಒಂದು ಮೇಲಕ್ಕೆ, ಮೂರು ಎಡಕ್ಕೆ. ಎಡಕ್ಕೆ ಹೊಡೆದದ್ದು ತಪ್ಪಿದಾಗ ಹತ್ತಿರ ಹೋಗಿ ಏನೋ ಹೇಳಿದಳು. ಕೈಯನ್ನು ಹೀಗೆ ಚಾಚಬೇಕೆಂದು ತೋರಿಸಿದಳು. ಮುಖದಲ್ಲಿ ನಗುವೇನೂ ಇರಲಿಲ್ಲ. ತನಗೆ ಬೇಕಾದ ಜಾಗದಲ್ಲಿ ನಿಂತಿರುವವಳನ್ನು ಗಟ್ಟಿ ಮಾಡುವ ಕೆಲಸ ಅದು, ನಗುತ್ತ ಮಾಡುವಂಥದಲ್ಲ. ಆದರೂ ಒಂದು ಚೆಂಡನ್ನೂ ಸಡಿಲವಾಗಿ ಹೊಡೆಯಲಿಲ್ಲ. ಆ ದಿನ ಪಂದ್ಯ ಗೆದ್ದೆವೋ ಸೋತೆವೋ ಎಂದು ಯಾರಾದರೂ ಕೇಳಿದರೆ ನಾನು ಕ್ಷಣಹೊತ್ತು ಯೋಚಿಸಬೇಕಾಗುತ್ತದೆ. ಗೆದ್ದೆವು.

ಋತು ಆರಂಭವಾದ ಮೇಲೆ, ನಾನು ಊರಿಗೆ ಹೊರಡುವವರೆಗೆ, ಮಗಳ ಮನೆಯಲ್ಲಿ ಶನಿವಾರಗಳಂದು ಒಂದೇ ಜಗಳ. ಪಂದ್ಯ ಒಂದು ಗಂಟೆಗೆ. ನಾನು ಹನ್ನೊಂದಕ್ಕೇ ಟೋಪಿ, ಕಂಬಳಿಕೋಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಅಪ್ಪ, ಈಗಲೇ ಹೋಗಿ ಅಲ್ಲೇನು ಮಾಡ್ತೀಯ? ಹೇಗೂ ಅವಳನ್ನ ಆಡಿಸಲ್ಲ" ಎಂದು ಮಗಳು ರೇಗುತ್ತಿದ್ದಳು.

"ನೀನು ನಿಧಾನವಾಗಿ ಬಾ. ನಮ್ಮ ಪುಟ್ಟಿಯ ಆಟ ಹನ್ನೆರಡಕ್ಕೇ ಶುರು" ಎನ್ನುತ್ತಿದ್ದೆ.